ಮುಂದಿನ ಸೀಟಿನ ತಾತ

ಸ್ವಲ್ಪ ತಾಳಿ. ಊದುಬತ್ತಿ ಸ್ಟ್ಯಾಂಡಿನ ಬಗ್ಗೆ ಬರೆಯುತ್ತೇನೆ ಅಂದ ಕೂಡಲೇ ಪುಟ ತಿರುಗಿಸಬೇಡಿ. ಎಷ್ಟೋ ವರ್ಷದ ಹಿಂದೆ ತೀರಿಹೋದ ಒಬ್ಬ ತಾತ ಇದರಲ್ಲಿ ಕಾರಿನ ಮುಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಫಾರ್ಮಿಂಗ್ಟನ್ ಹಿಲ್ಸ್‌ನಿಂದ ಪ್ಲೇನ್‌ಫೀಲ್ಡ್‌ವರೆಗೆ ಪ್ರಯಾಣ ಮಾಡುವುದಿದೆ. ಅದು ಬರುವವರೆಗಾದರೂ ಇರಿ. ಮಧ್ಯೆ ಮಧ್ಯೆ ನಾನು ದಾರಿ ತಪ್ಪುತ್ತೇನೆ, ಅದು ನನ್ನ ಅಭ್ಯಾಸ. ತಾತ ಮಾತ್ರ ತಪ್ಪುವುದಿಲ್ಲ.

ಹೋದ ವಾರ ಶಿಕಾಗೋ ಡೌನ್‌ಟೌನಿನ ಒಂದು ಅಂಗಡಿಗೆ ಹೋಗಿದ್ದೆ. ಎಲ್ಲವೂ ಬಿಳಿ. ನಾಲ್ಕು ಜನ ಊಟಕ್ಕೆ ಕೂರುವಷ್ಟು ದೊಡ್ಡ ಮೇಜಿನ ಮೇಲೆ ಒಂದೇ ಒಂದು ಬಟ್ಟಲು ಇಟ್ಟಿರುತ್ತಾರಲ್ಲ, ಆ ತರಹದ ಅಂಗಡಿ. ಅಲ್ಲೊಂದು ಊದುಬತ್ತಿ ಸ್ಟ್ಯಾಂಡ್ ಇತ್ತು. ಅರ್ಧ ಕತ್ತರಿಸಿದ ಮೊಟ್ಟೆಯ ಹಾಗೆ ನುಣುಪು ಪಿಂಗಾಣಿ, ಕೆಳಗೆ ಎಳೆದರೆ ಬರುವ ಪುಟ್ಟ ಡ್ರಾಯರ್. ಪಕ್ಕದ ಕಾರ್ಡಿನಲ್ಲಿ, ಇದು ವಿಯೆಟ್ನಾಮಿನ ಹಿರಿಯರ ಪೂಜೆಯಿಂದ ಸ್ಫೂರ್ತಿ ಪಡೆದ ಆಧುನಿಕ ವಿನ್ಯಾಸ, ಬೂದಿಯೆಲ್ಲ ಡ್ರಾಯರಿಗೆ ಬೀಳುತ್ತದೆ, ಸುಲಭವಾಗಿ ಎಸೆಯಬಹುದು ಎಂದು ಬರೆದಿತ್ತು. ನಾನು ಜೋರಾಗಿ ನಕ್ಕುಬಿಟ್ಟೆ. ಅಂಗಡಿಯ ಹುಡುಗಿ ಗಾಬರಿಯಿಂದ ಬಂದು ಏನಾದರೂ ಸಹಾಯ ಬೇಕೇ ಅಂತ ಕೇಳಿದಳು. ಅವಳಿಗೆ ಏನು ಹೇಳಲಿ? ಇದೇ ವಸ್ತುವನ್ನು ವರ್ಷಗಳ ಹಿಂದೆ ನಾನು ನಮ್ಮ ಗರಾಜಿನಲ್ಲಿ ಪ್ಲೈವುಡ್ಡಿನಲ್ಲಿ ಮಾಡಿದ್ದೆನಮ್ಮಾ, ಒಬ್ಬ ಅಜ್ಜಿ ಅದರಲ್ಲಿ ಹೇರ್‌ಪಿನ್ ಇಟ್ಟುಕೊಂಡರು ಅಂತಲೇ?

ನಾನು ಡಿಸೈನ್ ಓದಿದವಳಲ್ಲ. ಓದಿದ್ದು ಅಕೌಂಟಿಂಗ್. ಡಿಸೈನ್ ಕಲಿತದ್ದು ಲೈಬ್ರರಿಯಿಂದ ಹೊತ್ತು ತಂದ ದಪ್ಪ ದಪ್ಪ ಫೋಟೋ ಪುಸ್ತಕಗಳಿಂದ, ಮತ್ತೆ ಫೋನ್ ಲೈನಿನಲ್ಲಿ ಕಿರ್ರ್ ಅನ್ನುತ್ತಾ ಬರುತ್ತಿದ್ದ ಇಂಟರ್‌ನೆಟ್ಟಿನಿಂದ. ಒಂದು ಕುರ್ಚಿಯ ಚಿತ್ರ ಮೇಲಿನಿಂದ ಕೆಳಗೆ ನಿಧಾನವಾಗಿ ಇಳಿಯುತ್ತಿರುವಾಗಲೇ ಅಮ್ಮ ಯಾರಿಗೋ ಫೋನ್ ಮಾಡಲು ರಿಸೀವರ್ ಎತ್ತುತ್ತಿದ್ದಳು. ಕುರ್ಚಿಗೆ ಕಾಲು ಬರುವ ಮೊದಲೇ ಲೈನ್ ಕಟ್. ಹೀಗಾಗಿ ಜಗತ್ತಿನ ಎಷ್ಟೋ ಪ್ರಸಿದ್ಧ ಕುರ್ಚಿಗಳ ಮೇಲರ್ಧ ಮಾತ್ರ ನನಗೆ ಗೊತ್ತು. ಆದರೂ ಹುಮ್ಮಸ್ಸಿಗೇನೂ ಕಮ್ಮಿ ಇರಲಿಲ್ಲ. ಮಿಷಿಗನ್ ಚಳಿಯಲ್ಲಿ ಅಪ್ಪನ ಕಾರು ಹೊರಗೆ ಹಿಮದಲ್ಲಿ, ನನ್ನ ಪ್ಲೈವುಡ್ ಒಳಗೆ ಬೆಚ್ಚಗೆ.

ಲಿನ್ ಮನೆ ಫಾರ್ಮಿಂಗ್ಟನ್ ಹಿಲ್ಸ್‌ನ ನಮ್ಮ ಬಡಾವಣೆಯಲ್ಲೇ, ಹಿಂದಿನ ಬೀದಿ. ವಿಯೆಟ್ನಾಮಿನವರು. ಲಿನ್ ನನ್ನ ಕ್ಲಾಸ್‌ಮೇಟ್; ಅವಳ ಅಪ್ಪ ತುವಾನ್ ಅಂಕಲ್ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಇಂಜಿನಿಯರ್; ಜೊತೆಗೆ ಅಂಕಲ್‌ರ ತಾಯಿ. ಅವರನ್ನು ನಾನು ಕನ್ನಡದಲ್ಲೇ ಅಜ್ಜಿ ಅಂತ ಕರೆಯುತ್ತಿದ್ದೆ. ತಿರುಗಿ ನೋಡುತ್ತಿದ್ದರು. ಇಂಗ್ಲಿಷಿನಲ್ಲಿ ಕರೆದರೆ ನೋಡುತ್ತಿರಲಿಲ್ಲ.

ಎರಡು ಮನೆಗೂ ಸ್ನೇಹ ಬೆಸೆದದ್ದು ಸ್ಮೋಕ್ ಅಲಾರ್ಮ್. ಅಮ್ಮ ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದಳೋ ಇಲ್ಲವೋ ನಮ್ಮ ಮನೆಯದು ಕೂಗಲು ಶುರು. ನಾನು ಟವೆಲ್ ಹಿಡಿದು ಅದರ ಕೆಳಗೆ ಕುಣಿಯಬೇಕು. ಒಮ್ಮೆ ಲಿನ್ ಜೊತೆ ಬಂದಿದ್ದ ಅಜ್ಜಿ ಈ ಕುಣಿತವನ್ನು ಕೊಂಚ ಹೊತ್ತು ನೋಡಿ, ಬಾತ್‌ರೂಮಿಗೆ ಹೋಗಿ, ಸ್ನಾನಕ್ಕೆ ಹಾಕಿಕೊಳ್ಳುವ ಪ್ಲಾಸ್ಟಿಕ್ ಟೋಪಿ ತಂದು ನನ್ನ ಕೈಗಿತ್ತು, ಮೇಲೆ ತೋರಿಸಿದರು. ಅಲಾರ್ಮಿಗೆ ಟೋಪಿ ತೊಡಿಸಿದೆ. ಮನೆ ಶಾಂತವಾಯಿತು. ಅಂದಿನಿಂದ ಅಮ್ಮನಿಗೆ ಅಜ್ಜಿಯೆಂದರೆ ಅಪಾರ ಗೌರವ. (ಫೈರ್ ಡಿಪಾರ್ಟ್‌ಮೆಂಟಿನವರು ಯಾರಾದರೂ ಕನ್ನಡ ಓದುತ್ತಿದ್ದರೆ, ಅಡುಗೆ ಮುಗಿದ ಕೂಡಲೇ ತೆಗೆದುಬಿಡುತ್ತಿದ್ದೆವು.)

ಅವರ ಮನೆಯ ಅಲಾರ್ಮಿಗೂ ಟೋಪಿ ಇತ್ತು. ಕಾರಣ, ಹಾಲಿನಲ್ಲಿದ್ದ ತಾತ. ಎತ್ತರದ ಕಪಾಟಿನ ಮೇಲೆ ತಾತನ ಕಪ್ಪುಬಿಳುಪು ಫೋಟೋ, ಮುಂದೆ ಕಿತ್ತಳೆ ಹಣ್ಣು, ಒಂದು ಸಣ್ಣ ಲೋಟದಲ್ಲಿ ಟೀ, ನಟ್ಟನಡುವೆ ನೀಲಿ ಚಿತ್ತಾರದ ಪಿಂಗಾಣಿ ಬಟ್ಟಲು. ಬಟ್ಟಲಿನ ತುಂಬ ಬೂದಿ, ಬೂದಿಯಲ್ಲಿ ಉರಿದು ಉಳಿದ ಕೆಂಪು ಕಡ್ಡಿಗಳ ಕಾಡು. ಸಂಜೆ ಅಜ್ಜಿ ಆ ಕಾಡಿನಲ್ಲಿ ಜಾಗ ಹುಡುಕಿ ಹೊಸ ಊದುಬತ್ತಿ ನೆಡುತ್ತಿದ್ದರು. ಅವರ ಊದುಬತ್ತಿಯ ಬೂದಿ ನಮ್ಮದರ ಹಾಗೆ ಉದುರುವುದಿಲ್ಲ. ಉರಿಯುತ್ತಾ ಹೋದಂತೆ ಬಾಗಿ, ಸುರುಳಿಯಾಗಿ, ಕಡ್ಡಿಯಲ್ಲೇ ನಿಲ್ಲುತ್ತದೆ. ಸುರುಳಿ ಚೆನ್ನಾಗಿ ಬಂದರೆ ತಾತ ಖುಷಿಯಾಗಿದ್ದಾರೆ ಅಂತ ಅಜ್ಜಿಯ ನಂಬಿಕೆ. ಮುರಿದು ಬಿದ್ದರೆ ಅವತ್ತು ತುವಾನ್ ಅಂಕಲ್‌ಗೆ ವಿಚಾರಣೆ: ಆಫೀಸಿನಲ್ಲಿ ಯಾರ ಜೊತೆ ಜಗಳ ಮಾಡಿದೆ, ಕಾರು ಯಾಕೆ ಜೋರಾಗಿ ಓಡಿಸಿದೆ.

ಅಮ್ಮ ಮೊದಲ ಸಲ ಅಲ್ಲಿಗೆ ಹೋದಾಗ ಫೋಟೋ ನೋಡಿದಳು, ಬೂದಿ ನೋಡಿದಳು, ಕೊಟ್ಟ ಟೀಯನ್ನು ಕೈಯಲ್ಲೇ ಹಿಡಿದು ಕೂತಳು. ಮನೆಗೆ ಬಂದವಳೇ ಯಾರನ್ನೂ ಮುಟ್ಟದೆ ನೇರ ಬಾತ್‌ರೂಮಿಗೆ ಹೋಗಿ ತಲೆಗೆ ಸ್ನಾನ ಮಾಡಿದಳು. ಬಟ್ಟಲಲ್ಲಿರುವುದು ತಾತನ ಅಸ್ಥಿ ಅಂತ ಅವಳ ತಿಳುವಳಿಕೆ. ಅದು ಬರೀ ಊದುಬತ್ತಿ ಬೂದಿ ಅಂತ ನಾನು ವಿವರಿಸಿದ ಮೇಲೆ ನಾಚಿಕೆಯಾಗಿ, ಮಾರನೆಯ ದಿನ ಒಂದು ಡಬ್ಬ ಕೋಡುಬಳೆ ಕಳಿಸಿದಳು. ಕಾರಣ ಗೊತ್ತಿಲ್ಲದ ಅಜ್ಜಿ ಅದರಲ್ಲಿ ಎರಡನ್ನು ತಾತನ ಮುಂದಿಟ್ಟರು.

ಊದುಬತ್ತಿ ನಮಗೇನೂ ಹೊಸದಲ್ಲ. ನಾನು ಚಿಕ್ಕವಳಿದ್ದಾಗ ಮೈಸೂರಿನಲ್ಲಿ ಅಮ್ಮಮ್ಮನ ಮನೆಯ ಬೀದಿಯಲ್ಲೇ ಹೆಂಗಸರು ಜಗಲಿಯ ಮೇಲೆ ಕೂತು ಊದುಬತ್ತಿ ಹೊಸೆಯುತ್ತಿದ್ದರು. ಮಣೆಯ ಮೇಲೆ ಕಪ್ಪು ಹಿಟ್ಟು, ಕಡ್ಡಿ, ಅಂಗೈಯ ಒಂದು ಉರುಳು, ಆಯಿತು. ಹಾಗೆ ಮಾಡಿದ್ದನ್ನು ಬಿಸಿಲಿಗೆ ಬೀಸಣಿಗೆ ಬಿಚ್ಚಿದಂತೆ ಹರಡುತ್ತಿದ್ದರು. ನಾನೂ ಹೊಸೆಯುತ್ತೇನೆ ಅಂತ ಹಟ ಮಾಡಿ ಕೂತರೆ ನನ್ನದು ಊದುಬತ್ತಿಯಾಗದೆ ಹಲ್ಲಿ ನುಂಗಿದ ಹಾವಿನ ಹಾಗೆ ಆಗುತ್ತಿತ್ತು. ಅಮ್ಮಮ್ಮ ಅದನ್ನೂ ಬಿಡದೆ ಬಾಳೆಹಣ್ಣಿಗೆ ಚುಚ್ಚಿ ದೇವರ ಮುಂದೆ ಹಚ್ಚುತ್ತಿದ್ದಳು. ಅಮ್ಮಮ್ಮನಿಗೆ ಷುಗರ್ ಇತ್ತು. ನೈವೇದ್ಯದ ಸಕ್ಕರೆಯನ್ನು ಯಾರೂ ನೋಡದಾಗ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ನಾನು ನೋಡುತ್ತಿದ್ದೆ. ಬಾಯಿ ಮುಚ್ಚಿಸಲು ನನಗೂ ಒಂದು ಚಿಟಿಕೆ ಸಿಗುತ್ತಿತ್ತು.

ನಮ್ಮಲ್ಲಿ ಬೂದಿ ಎಂದರೆ ಬೆಳಿಗ್ಗೆ ಎದ್ದು ಒದ್ದೆ ಬಟ್ಟೆಯಲ್ಲಿ ಒರೆಸಬೇಕಾದದ್ದು. ಹಾಗಾಗಿ ಅಜ್ಜಿಯ ತುಂಬಿದ ಬಟ್ಟಲು ನೋಡಿದ ಕೂಡಲೇ ನನ್ನೊಳಗಿನ ಡಿಸೈನರ್ ಎದ್ದು ಕೂತಳು. ಪಾಪ, ಇಷ್ಟು ವಯಸ್ಸಾದವರು, ಬೂದಿ ಎಸೆಯಲು ಆಗುತ್ತಿಲ್ಲ. ವಾರಗಟ್ಟಲೆ ಗರಾಜಿನಲ್ಲಿ ಕೂತು ಸ್ಟ್ಯಾಂಡ್ ಮಾಡಿದೆ. ಮೇಲೆ ಕಡ್ಡಿ ನೆಡಲು ತೂತುಗಳು, ಕೆಳಗೆ ಡ್ರಾಯರ್. ಅಮ್ಮನಿಗೆ ಬಹಳ ಇಷ್ಟವಾಗಿ ನಮಗೂ ಒಂದು ಮಾಡು ಅಂದಳು. ಅಜ್ಜಿ ಎರಡೂ ಕೈಯಲ್ಲಿ ತೆಗೆದುಕೊಂಡರು, ಡ್ರಾಯರ್ ಎಳೆದರು, ತಳ್ಳಿದರು, ಮತ್ತೆ ಎಳೆದರು. ನನ್ನ ಕೆನ್ನೆ ತಟ್ಟಿದರು. ಮುಂದಿನ ಸಲ ಹೋದಾಗ ಅದು ಅವರ ಹಾಸಿಗೆ ಪಕ್ಕ ಇತ್ತು. ಡ್ರಾಯರಿನಲ್ಲಿ ಹೇರ್‌ಪಿನ್, ತೂತುಗಳಲ್ಲಿ ಹಲ್ಲುಕಡ್ಡಿ.

ಯಾಕೆ ಅಂತ ಲಿನ್ ಹೇಳಿದಳು. ಅವರಲ್ಲಿ ಬೂದಿ ಕಸವಲ್ಲ. ವರ್ಷಕ್ಕೊಮ್ಮೆ ಅವರ ಹೊಸ ವರ್ಷ ಬರುವ ಮೊದಲು ಹಳೆಯ ಕಡ್ಡಿಗಳನ್ನು ಸ್ವಲ್ಪ ಕಿತ್ತು ಕಡಿಮೆ ಮಾಡುತ್ತಾರೆ. ಬೂದಿಯನ್ನು ಪೂರ್ತಿ ಚೆಲ್ಲುವುದಿಲ್ಲ. ಬಟ್ಟಲನ್ನು ಸುಮ್ಮಸುಮ್ಮನೆ ಅಲುಗಿಸುವುದಿಲ್ಲ, ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡೇ ಸುತ್ತ ಧೂಳು ಒರೆಸುತ್ತಾರೆ. ಅಲುಗಿಸಿದರೆ ಹಿರಿಯರಿಗೆ ಕೂತ ಜಾಗ ತಪ್ಪುತ್ತದೆ. ಆ ಬಟ್ಟಲಿನ ತಳದಲ್ಲಿರುವ ಬೂದಿ ಅಜ್ಜಿ ತಮ್ಮ ಊರು ಬಿಟ್ಟು ಓಡಿಬರುವಾಗ ಅತ್ತೆಯ ಮನೆಯ ಬಟ್ಟಲಿನಿಂದ ಬಾಚಿ ಪೌಡರ್ ಡಬ್ಬದಲ್ಲಿ ತುಂಬಿಕೊಂಡು ತಂದದ್ದು. ನಿರಾಶ್ರಿತರ ಕ್ಯಾಂಪಿನಲ್ಲಿ ಬೆವರುಸಾಲೆ ಎದ್ದ ಹೆಂಗಸೊಬ್ಬಳು ಒಂಚೂರು ಪೌಡರ್ ಕೊಡಿ ಅಂತ ಕೇಳಿದಳಂತೆ. ಅಜ್ಜಿ ಡಬ್ಬವನ್ನು ಸೊಂಟದ ಹಿಂದೆ ಬಚ್ಚಿಟ್ಟುಕೊಂಡರಂತೆ. ಕ್ಯಾಂಪಿನಲ್ಲಿ ಇದ್ದಷ್ಟು ದಿನವೂ ಅವರಿಗೆ ಜಿಪುಣಿ ಅಂತಲೇ ಹೆಸರು. ಈ ಕತೆ ಹೇಳುವಾಗ ಅಜ್ಜಿಗೆ ನಗು ತಡೆಯಲಾಗುತ್ತಿರಲಿಲ್ಲ. ನಾನೂ ನಗುತ್ತಿದ್ದೆ, ಆದರೆ ನನ್ನ ಡ್ರಾಯರ್ ನೆನೆದು.

ಅದಾದ ಮುಂದಿನ ಬೇಸಿಗೆಯಲ್ಲಿ ತುವಾನ್ ಅಂಕಲ್‌ಗೆ ಶಿಕಾಗೋ ಕಡೆ ಕೆಲಸ ಸಿಕ್ಕಿತು. ಪ್ಲೇನ್‌ಫೀಲ್ಡ್‌ನಲ್ಲಿ ಹೊಸ ಮನೆ, ಇಲ್ಲಿಯದು ಮಾರಾಟವೂ ಆಯಿತು. ಟ್ರಕ್ಕಿನವರು ಬರುವ ದಿನ ಹತ್ತಿರ ಬಂತು. ಬಟ್ಟಲಿನ ಪ್ರಶ್ನೆಗೆ ಅಂಕಲ್ ಇಂಜಿನಿಯರ್ ಉತ್ತರ ಕೊಟ್ಟರು: ಬೂದಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಸುರಿದು, ಕಡ್ಡಿಗಳನ್ನು ಕಟ್ಟಿ, ಬಟ್ಟಲನ್ನು ಪೇಪರಿನಲ್ಲಿ ಸುತ್ತಿ, ಅಲ್ಲಿ ಹೋಗಿ ಮತ್ತೆ ತುಂಬಿದರಾಯಿತು. ಅಜ್ಜಿ ಮಗನ ಜೊತೆ ಮಾತು ಬಿಟ್ಟರು. ಊರು ಬಿಡುವಾಗ ಅತ್ತೆಯ ಬಟ್ಟಲನ್ನು ಹಾಗೇ ಬರಿದು ಮಾಡಿ ಬಂದದ್ದು ಅವರಿಗೆ ಮರೆತಿರಲಿಲ್ಲ. ಇನ್ನೊಂದು ಸಲ ಮಾಡುವುದಿಲ್ಲ ಅಂದರು. ನೀವು ಹೋಗಿ, ನಾನೂ ಅವರೂ ಇಲ್ಲೇ ಇರುತ್ತೇವೆ ಅಂದರು. ಮಾರಿದ ಮನೆಯಲ್ಲಿ ಹೇಗೆ ಇರುತ್ತೀಯ ಅಂತ ಲಿನ್ ಕೇಳಿದರೆ, ಕೊಂಡವರಿಗೆ ನಾನು ಹೇಳಿಕೊಳ್ಳುತ್ತೇನೆ ಅಂದರು. ಮನೆಯೆಲ್ಲ ರಟ್ಟಿನ ಪೆಟ್ಟಿಗೆಗಳಾಗುತ್ತಾ ಬಂದರೂ ಅಜ್ಜಿಯ ಕೋಣೆಯಲ್ಲಿ ಒಂದು ಬಟ್ಟೆಯೂ ಮಡಿಚಿರಲಿಲ್ಲ. ತಮಾಷೆ ಮಾಡುತ್ತಿಲ್ಲ ಅನ್ನುವುದು ಗೊತ್ತಾದದ್ದೇ ಆಗ.

ಲಿನ್ ಗರಾಜಿಗೆ ಬಂದು ನನ್ನ ಪ್ಲೈವುಡ್ ರಾಶಿಯ ಮೇಲೆ ಕೂತಳು. ನೀನು ಏನೇನೋ ಮಾಡುತ್ತೀಯಲ್ಲ, ಬಟ್ಟಲು ಅಲುಗದ ಹಾಗೆ, ಒಂದು ಕಡ್ಡಿಯೂ ವಾಲದ ಹಾಗೆ ಮುನ್ನೂರು ಮೈಲಿ ಹೋಗುವ ಒಂದು ಪೆಟ್ಟಿಗೆ ಮಾಡು ಅಂದಳು. ನಾನು ಮಾಡಿದ್ದನ್ನು ಯಾರಾದರೂ ನಿಜವಾಗಿ ಬೇಕು ಅಂತ ಕೇಳಿದ್ದು ಅದೇ ಮೊದಲು.

ಪೆಟ್ಟಿಗೆಯೇನೋ ಚೆನ್ನಾಗೇ ಆಯಿತು. ಮುಂದೆ ಗಾಜು, ಮೇಲೆ ತೆರೆದ ಬಾಯಿ, ಒಳಗೆ ನಾಲ್ಕು ಮೂಲೆಗೆ ಸ್ಪ್ರಿಂಗು, ಸ್ಪ್ರಿಂಗಿನ ಮೇಲೆ ತೇಲುವ ಹಲಗೆ. ನಮ್ಮ ಮನೆಯ ಅದೇ ಅಳತೆಯ ಬಟ್ಟಲಿಗೆ ಮೈದಾ ತುಂಬಿ, ಊದುಬತ್ತಿ ಕಡ್ಡಿಗಳನ್ನು ಚುಚ್ಚಿ, ಅಮ್ಮನನ್ನು ಹಿಂದಿನ ಸೀಟಿನಲ್ಲಿ ಸಾಕ್ಷಿಯಾಗಿ ಕೂರಿಸಿ ಹೊರಟೆ. ಮಿಷಿಗನ್ ರಸ್ತೆಗಳ ಗುಂಡಿ ನಿಮಗೆ ಗೊತ್ತಿರಬಹುದು. ಮೊದಲನೆಯ ಗುಂಡಿಗೆ ಸ್ಪ್ರಿಂಗ್ ಕುಣಿಯಿತು. ಎರಡನೆಯದಕ್ಕೆ ಬಟ್ಟಲೇ ಕುಣಿಯಿತು. ಆಮೇಲೆ ಕಾರಿನ ಒಳಗೆ ಹಿಮ ಬಿತ್ತು. ಅಮ್ಮ ರೆಪ್ಪೆಯ ಮೇಲಿನ ಮೈದಾ ಒರೆಸಿಕೊಂಡು, ಶಾಂತವಾಗಿ ಹೇಳಿದಳು.

"ಪುಟ್ಟಿ, ನಾನು ಕನ್ನಡ ಕೂಟದ ಪಾಟ್‌ಲಕ್‌ಗೆ ಅಷ್ಟು ದೊಡ್ಡ ಪಾತ್ರೆ ಸಾರು ತಗೊಂಡ್ ಹೋಗ್ತೀನಲ್ಲ, ಯಾವತ್ತಾದ್ರೂ ಚೆಲ್ಲಿದೀನಾ?"

ಇಲ್ಲ. ಯುಗಾದಿಯಿರಲಿ, ದೀಪಾವಳಿಯಿರಲಿ, ಅಪ್ಪ ಎಷ್ಟೇ ಕೆಟ್ಟದಾಗಿ ಡ್ರೈವ್ ಮಾಡಲಿ, ಒಂದು ಹನಿ ಚೆಲ್ಲಿದ್ದಿಲ್ಲ. ಯಾಕೆಂದರೆ ಅಮ್ಮ ಸಾರಿನ ಪಾತ್ರೆಯನ್ನು ಸಿಂಬಿಯ ಮೇಲೆ ಕೂರಿಸುತ್ತಾಳೆ. ಬಟ್ಟೆಯನ್ನು ಹುರಿ ಮಾಡಿ ದೊಡ್ಡ ಬಳೆಯಂತೆ ಸುತ್ತುವುದು. ತಲೆಯ ಮೇಲೆ ಕೊಡ ನಿಲ್ಲುವುದು ಅದರಿಂದಲೇ. ಅಷ್ಟು ವರ್ಷ ಅದರ ಪಕ್ಕದಲ್ಲೇ ಕೂತು ಪ್ರಯಾಣ ಮಾಡಿದ್ದೇನೆ, ಅದು ಡಿಸೈನ್ ಅಂತ ನನಗೆ ಹೊಳೆದಿರಲಿಲ್ಲ. ಅದರ ಫೋಟೋ ಯಾವ ಪುಸ್ತಕದಲ್ಲೂ ಇರಲಿಲ್ಲವಲ್ಲ.

ಸ್ಪ್ರಿಂಗ್ ಎಲ್ಲ ಕಿತ್ತು ಹಾಕಿದೆ. ಸಿಂಬಿಗೆ ಒಂದು ಹೊಸ ಟವೆಲ್ ತಂದುಕೊಟ್ಟೆ. ಅಮ್ಮ ಮುಟ್ಟಿ ನೋಡಿ ಬೇಡ ಅಂದಳು, ಹೊಸದು ಜಾರುತ್ತದೆ, ಒಗೆದು ಒಗೆದು ಮೆತ್ತಗಾದ ಹತ್ತಿ ಬಟ್ಟೆಯೇ ಆಗಬೇಕು. ಹಾಗಾದರೆ ಸಾರಿನ ಸಿಂಬಿಯನ್ನೇ ಕೊಡು ಅಂದೆ. ಅಮ್ಮನಿಗೆ ಅದು ಸರಿ ಕಾಣಲಿಲ್ಲ. ಸಾರು ಸೋಕಿದ್ದು ಮುಸುರೆ, ಅದರ ಮೇಲೆ ಅವರ ಮನೆಯ ಹಿರಿಯರನ್ನು ಕೂರಿಸುವುದೇ?

ಆ ಸಾರಿನ ಸಿಂಬಿ ಅಮ್ಮಮ್ಮನ ಸೀರೆಯ ಅರ್ಧ. ಅಮ್ಮಮ್ಮ ಹೋದಾಗ ಅಮ್ಮನಿಗೆ ಊರಿಗೆ ಹೋಗಲು ಆಗಲಿಲ್ಲ, ವೀಸಾ ಕಾಗದ ಎಲ್ಲೋ ಸಿಕ್ಕಿಕೊಂಡಿತ್ತು. ಆಮೇಲೆ ಮಾವ ಯಾರದೋ ಕೈಯಲ್ಲಿ ಒಂದು ಸೀರೆ ಕಳಿಸಿದ್ದರು, ಕಾಫಿ ಬಣ್ಣದ ನೂಲಿನ ಸೀರೆ, ಹಸಿರು ಅಂಚು. ಅರ್ಧವನ್ನು ಅಮ್ಮ ದಿನಬಳಕೆಗೆ ಇಟ್ಟುಕೊಂಡಳು, ಅರ್ಧವನ್ನು ಸೂಟ್‌ಕೇಸಿನಲ್ಲಿ ಮಡಿಚಿಟ್ಟಳು. ಅದನ್ನು ಹೊರಗೆ ತೆಗೆದದ್ದು ನಾನು ನೋಡಿರಲಿಲ್ಲ. ಅವತ್ತು ತೆಗೆದಳು. ಬೇಡಮ್ಮಾ, ಬೇರೆ ಹುಡುಕೋಣ ಅಂದೆ. ಅಮ್ಮ ಆಗಲೇ ಒಂದು ತುದಿಯನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಹುರಿ ಹಾಕುತ್ತಿದ್ದಳು.

"ಪೆಟ್ಟಿಗೇಲಿದ್ದು ಏನ್ ಮಾಡತ್ತೆ. ಅಮ್ಮ ಯಾವತ್ತೂ ಸುಮ್ನೆ ಕೂತೋಳಲ್ಲ."

ಹೊರಡುವ ಬೆಳಿಗ್ಗೆ ಅಜ್ಜಿ ಬಟ್ಟಲಿನ ಮುಂದೆ ತುಂಬ ಹೊತ್ತು ಏನೋ ಹೇಳಿಕೊಂಡರು. ಎಲ್ಲಿಗೆ ಹೋಗುತ್ತಿದ್ದೇವೆ, ಹೊಸ ವಿಳಾಸ ಏನು ಅಂತ ತಾತನಿಗೆ ತಿಳಿಸುತ್ತಿದ್ದಾರೆ ಅಂತ ಲಿನ್ ಪಿಸುಗುಟ್ಟಿದಳು. ಕಡ್ಡಿ ಉರಿದು ಮುಗಿದ ಮೇಲೆ ಬಟ್ಟಲನ್ನು ತಾವೇ ಎತ್ತಿ ಪೆಟ್ಟಿಗೆಯೊಳಗಿನ ಸಿಂಬಿಯ ಮೇಲೆ ಇಳಿಸಿದರು. ಕೈ ಬಿಡಲಿಲ್ಲ. ಆ ಕಡೆ ಈ ಕಡೆ ಮೆಲ್ಲಗೆ ತಳ್ಳಿದರು. ಬಟ್ಟಲು ಮಿಸುಕಲಿಲ್ಲ. ಆಗ ಕೈ ಬಿಟ್ಟು, ಒಳಗೆ ಹೋಗಿ, ತಮ್ಮ ಬಟ್ಟೆಗಳನ್ನು ಮಡಿಚಲು ಶುರು ಮಾಡಿದರು. ಟ್ರಕ್ಕಿನವರು ಕಾದರು, ಅಂಕಲ್ ಮನೆಯ ಹೊರಗೆ ಹೋಗಿ ಮೂಗು ಒರೆಸಿಕೊಂಡು ಬಂದರು.

ಪೆಟ್ಟಿಗೆಯನ್ನು ಹಿಂದಿನ ಸೀಟಿನಲ್ಲಿ ಇಡಲು ಹೊರಟಾಗ ಅಜ್ಜಿ ತಡೆದರು. ತಾತನಿಗೆ ಹಿಂದೆ ಕೂತರೆ ಹೊಟ್ಟೆ ತೊಳೆಸುತ್ತಿತ್ತಂತೆ. ಹಾಗಾಗಿ, ನೀವು ಕಾಯುತ್ತಿದ್ದ ತಾತ ಮುಂದಿನ ಸೀಟಿಗೆ ಬಂದರು. ಬೆಲ್ಟ್ ನಾನೇ ಹಾಕಿದೆ. ಹಿಂದೆ ಅಜ್ಜಿ, ಲಿನ್, ಮತ್ತೆ ಪೆಟ್ಟಿಗೆಯ ಟೆಕ್ನಿಷಿಯನ್ ಎಂಬ ಹುದ್ದೆಯಲ್ಲಿ ನಾನು, ಮಡಿಲಲ್ಲಿ ಅಮ್ಮ ಕೊಟ್ಟ ಪುಳಿಯೋಗರೆ.

ಐವತ್ತು ದಾಟಿದ ತುವಾನ್ ಅಂಕಲ್ ತಮ್ಮ ಅಪ್ಪನ ಪಕ್ಕ ಕೂತು ಲೈಸೆನ್ಸ್ ಪರೀಕ್ಷೆಗೆ ಬಂದ ಹುಡುಗನಂತೆ ಓಡಿಸಿದರು. ಎರಡೂ ಕೈ ಸ್ಟೀರಿಂಗ್ ಮೇಲೆ, ಬಲಗಡೆ ಲೇನ್, ಸ್ಪೀಡ್ ಲಿಮಿಟ್ಟಿಗಿಂತ ಕಡಿಮೆ. ಲಾರಿಗಳೆಲ್ಲ ಹಾರ್ನ್ ಹೊಡೆದು ನಮ್ಮನ್ನು ದಾಟಿದವು. ಒಂದು ಸಲ ಯಾರೋ ಅಡ್ಡ ಬಂದಾಗ ಅಂಕಲ್ ಬಾಯಿಂದ ಇಂಗ್ಲಿಷಿನಲ್ಲಿ ಒಂದು ಮಾತು ಬಂತು. ಕೂಡಲೇ ಪಕ್ಕಕ್ಕೆ ತಿರುಗಿ ಪೆಟ್ಟಿಗೆಗೆ ಸಾರಿ ಕೇಳಿದರು. ಅಜ್ಜಿ ಮಗನ ಜೊತೆ ಮತ್ತೆ ಮಾತು ಶುರು ಮಾಡಿದ್ದು ಅಲ್ಲಿಯೇ. ಇನ್ನೂ ನಿಧಾನ ಹೋಗು ಅಂದರು.

ಪ್ಲೇನ್‌ಫೀಲ್ಡ್ ಮನೆಗೆ ಎಲ್ಲರಿಗಿಂತ ಮೊದಲು ಒಳಗೆ ಹೋದದ್ದು ಬಟ್ಟಲು. ಗೋಡೆಯ ಪೇಂಟ್ ವಾಸನೆ ಇನ್ನೂ ಹೋಗಿರಲಿಲ್ಲ. ಖಾಲಿ ಹಾಲಿನಲ್ಲಿ ಕಪಾಟು ಇನ್ನೂ ಬಂದಿರಲಿಲ್ಲವಾದ್ದರಿಂದ ಅಗ್ಗಿಷ್ಟಿಕೆಯ ಮೇಲಿನ ಹಲಗೆಯಲ್ಲೇ ಅದಕ್ಕೆ ಸಿಂಬಿ ಸಮೇತ ಜಾಗ ಮಾಡಿದೆವು. ಒಂದು ಕಡ್ಡಿಯೂ ವಾಲಿರಲಿಲ್ಲ. ನಾನು ಬಟ್ಟಲಿನ ಅಡಿಯಿಂದ ಸಿಂಬಿ ಬಿಡಿಸಿಕೊಳ್ಳಲು ಕೈ ಚಾಚಿದಾಗ ಅಜ್ಜಿ ಹಸಿರು ಅಂಚನ್ನು ಬೆರಳಲ್ಲಿ ಸವರಿ ಇದು ಯಾರದು ಅಂತ ಲಿನ್ ಮೂಲಕ ಕೇಳಿದರು. ಅಮ್ಮಮ್ಮನದು, ಅಮ್ಮನ ಅಮ್ಮನದು ಅಂದೆ. ಇದ್ದಾರಾ ಅಂತ ಕೇಳಿದರು. ಇಲ್ಲ ಅಂದೆ. ಅಜ್ಜಿ ನನ್ನ ಕೈಯನ್ನು ಮೆಲ್ಲಗೆ ಆ ಕಡೆ ಸರಿಸಿದರು. ತಾತನಿಗೆ ಒಂದು ಕಡ್ಡಿ ಹಚ್ಚಿದರು. ಆಮೇಲೆ ಇನ್ನೊಂದು. ಬಟ್ಟಲು ಸಿಂಬಿಯ ಮೇಲೆಯೇ ಉಳಿಯಿತು.

ವಾಪಸ್ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ಹೌದಾ ಅಂದಳು, ಪುಳಿಯೋಗರೆ ಡಬ್ಬ ವಾಪಸ್ ತಂದೆಯಾ ಅಂತ ಕೇಳಿದಳು. ಅಷ್ಟೇ ಅಂತ ನಾನೂ ಅಂದುಕೊಂಡೆ.

ಚಳಿಗಾಲದಲ್ಲಿ ಅವರ ಹೊಸ ವರ್ಷ ಬಂತು. ಲಿನ್ ಫೋನ್ ಮಾಡಿದಳು. ಅವತ್ತು ಹಿರಿಯರಿಗೆ ಎಡೆ ಇಡುತ್ತಾರಂತೆ, ತಾತನ ಊಟ ಎಲ್ಲರಿಗೂ ಗೊತ್ತು, ಆದರೆ ನಿಮ್ಮ ಅಮ್ಮಮ್ಮ ಏನು ಕುಡಿಯುತ್ತಿದ್ದರು ಅಂತ ಅಜ್ಜಿ ಪಕ್ಕದಲ್ಲೇ ನಿಂತು ಕೇಳುತ್ತಿದ್ದಾರೆ ಅಂದಳು. ನಾನು ಅಮ್ಮನ ಕಡೆ ನೋಡಿದೆ. ಅಮ್ಮ ಒಲೆಯ ಮುಂದೆ ಇದ್ದಳು, ಅಲಾರ್ಮಿಗೆ ಟೋಪಿ ತೊಡಿಸಿತ್ತು.

ಕಾಫಿ ಅಂದಳು. ಗಟ್ಟಿ ಕಾಫಿ. ಹಾಗೇ ಹೇಳಿದೆ. ಆ ಕಡೆ ಏನೋ ಸಂಭ್ರಮ. ಅವರೂ ಕಾಫಿಯವರೇ, ತಳದಲ್ಲಿ ಡಬ್ಬದ ಸಿಹಿ ಹಾಲು ದಪ್ಪಗೆ ಸುರಿದು ಮೇಲೆ ಕಾಫಿ ಇಳಿಸುತ್ತಾರೆ. ಹಾಗೇ ಮಾಡಿ ಇಡುತ್ತೇವೆ ಅಂತ ಹೇಳು ಅಂದರಂತೆ. ಅಮ್ಮ ಸೌಟು ಹಿಡಿದುಕೊಂಡೇ ತಿರುಗಿದಳು.

"ಸಿಹಿ ಜಾಸ್ತಿ ಬೇಡ ಅನ್ನು. ಅಮ್ಮಂಗೆ ಷುಗರ್ ಇತ್ತು."

ನಾನು ಹೇಳಲು ಬಾಯಿ ತೆಗೆದೆ. ಅಮ್ಮ ಒಲೆ ಆರಿಸಿ, ಫೋನಿನ ಮೇಲೆ ಕೈ ಇಟ್ಟಳು.

"ತಾಳು, ಹೇಳ್ಬೇಡ. ಹಾಕ್ಲಿ. ಅವ್ಳಿಗೆ ಇಷ್ಟ."

ಆಮೇಲೆ ಸೆರಗಿಲ್ಲದ್ದಕ್ಕೆ ಸ್ವೆಟರಿನ ತೋಳಿನಲ್ಲಿ ಮುಖ ಒರೆಸಿಕೊಂಡು, ಒಗ್ಗರಣೆ ಘಾಟು ಅಂದಳು. ಒಗ್ಗರಣೆ ಇನ್ನೂ ಹಾಕಿರಲಿಲ್ಲ.

ಅಂಗಡಿಯ ಆ ಬಿಳಿ ಸ್ಟ್ಯಾಂಡನ್ನು ನಾನು ಕೊಳ್ಳಲಿಲ್ಲ. ಚೆನ್ನಾಗಿಲ್ಲ ಅಂತಲ್ಲ, ಅದನ್ನು ಮಾಡಿದವರು ನನ್ನ ಹಾಗೆಯೇ ಪ್ರೀತಿಯಿಂದ ವಾರಗಟ್ಟಲೆ ಕೂತಿರಬೇಕು. ಅವರಿಗೊಬ್ಬ ಅಜ್ಜಿ ಸಿಕ್ಕಿರಲಿಲ್ಲ, ಅಷ್ಟೇ.

ಇನ್ನು ನಿಮ್ಮ ಸರದಿ. ನಿಮ್ಮ ಮನೆಯ ಹಿರಿಯರು ನಿಮ್ಮ ಜೊತೆ ಊರಿಂದೂರಿಗೆ ಯಾವುದರಲ್ಲಿ ಬಂದರು? ಪೌಡರ್ ಡಬ್ಬವೋ, ಸೀರೆಯೋ, ತಳ ಸವೆದ ಪಾತ್ರೆಯೋ? ಅವರನ್ನು ಕಾರಿನಲ್ಲಿ ಎಲ್ಲಿ ಕೂರಿಸಿದಿರಿ? ನನಗೆ ಬರೆಯಿರಿ, ಉದ್ದ ಆದರೂ ಪರವಾಗಿಲ್ಲ. ಅವರ ಕಾಫಿಗೆ ಸಕ್ಕರೆ ಎಷ್ಟು ಅನ್ನುವುದನ್ನು ಮಾತ್ರ ಬಿಡಬೇಡಿ.